ಅಂಗಳದ ಹಳದಿ ಹೂವಿನ ಬಳ್ಳಿ: ಚಂದಕ್ಕೆ ನೆಟ್ಟರೆ ಹುಲ್ಲಿಗೆ ಸಂಚಕಾರ



ಅಂಗಳದ ಬದಿ, ಬಾವಿಕಟ್ಟೆಯ ಸುತ್ತ, ರಸ್ತೆ ಪಕ್ಕದ ದರೆಯಲ್ಲಿ ಹಸಿರು ಹಾಸಿನಂತೆ ಹಬ್ಬಿ, ವರ್ಷವಿಡೀ ಪುಟ್ಟ ಹಳದಿ ಹೂ ಬಿಡುವ ಬಳ್ಳಿಯನ್ನು ನಾವೆಲ್ಲ ನೋಡಿದ್ದೇವೆ. ನರ್ಸರಿಯವರು ಇದನ್ನು ವೆಡೇಲಿಯಾ ಅನ್ನುತ್ತಾರೆ. ಸಿಂಗಾಪುರ ಡೈಸಿ ಎಂಬ ಹೆಸರೂ ಇದೆ. ಗೊಬ್ಬರ ಬೇಡ, ಆರೈಕೆ ಬೇಡ, ಒಂದು ತುಂಡು ಊರಿದರೆ ಸಾಕು. ಅದಕ್ಕೇ ಮನೆಯಿಂದ ಮನೆಗೆ ಪುಕ್ಕಟೆಯಾಗಿ ಹೋಗ್ತಾ ಇದೆ. ಆದರೆ ಸುಲಭವಾಗಿ ಬೆಳೆಯುವ ಈ ಗುಣವೇ ನಮಗೆ ನಷ್ಟ ತರುತ್ತಿದೆ.

ಇದು ಎಲ್ಲಿಯ ಗಿಡ?

ಹೆಸರಿನಲ್ಲಿ ಸಿಂಗಾಪುರ ಇದ್ದರೂ ಇದರ ತವರು ಮೆಕ್ಸಿಕೋ, ಮಧ್ಯ ಅಮೆರಿಕ ಮತ್ತು ಕೆರಿಬಿಯನ್ ದ್ವೀಪಗಳು. ಅಲಂಕಾರಕ್ಕೆಂದು ತಂದ ಕಡೆಯಲ್ಲೆಲ್ಲ ತೋಟದಿಂದ ಹೊರಗೆ ಹಬ್ಬಿತು. ಐಯುಸಿಎನ್ ಸಂಸ್ಥೆಯ ತಜ್ಞರು ಮಾಡಿದ, ಜಗತ್ತಿನ 100 ಅತಿ ಕೆಟ್ಟ ಆಕ್ರಮಣಕಾರಿ ಜೀವಿಗಳ ಪಟ್ಟಿಯಲ್ಲಿ ಇದೂ ಸೇರಿದೆ. ನಮಗೆ ಗೊತ್ತಿರುವ ಲಂಟಾನ, ಕಮ್ಯುನಿಸ್ಟ್ ಗಿಡಗಳೂ ಅದೇ ಪಟ್ಟಿಯಲ್ಲಿವೆ.

ಹೇಗೆ ಹಬ್ಬುತ್ತದೆ?

ಇದು ಹೆಚ್ಚಾಗಿ ಬೀಜದಿಂದಲ್ಲ, ಬಳ್ಳಿಯ ತುಂಡಿನಿಂದ ಹಬ್ಬುತ್ತದೆ. ನೆಲಕ್ಕೆ ತಾಗಿದ ಪ್ರತಿ ಗಂಟಿನಲ್ಲೂ ಬೇರು ಬಿಡುತ್ತದೆ. ಕತ್ತಿಯಿಂದ ಸವರಿ ಚರಂಡಿಗೆ ಎಸೆದರೆ, ಮಳೆನೀರಿನಲ್ಲಿ ತೇಲಿ ಹೋದ ತುಂಡು ಕೆಳಗಿನ ಮನೆಯವರ ತೋಟದಲ್ಲಿ ಚಿಗುರುತ್ತದೆ.

ನಮಗೇನು ನಷ್ಟ?

1. ಇದು ದಟ್ಟವಾಗಿ ಹಬ್ಬಿದಲ್ಲಿ ಹುಲ್ಲಿಗೆ ಬಿಸಿಲೂ ಇಲ್ಲ, ಜಾಗವೂ ಇಲ್ಲ. ದನಗಳು ಹೆಚ್ಚಾಗಿ ಇದಕ್ಕೆ ಬಾಯಿ ಹಾಕುವುದಿಲ್ಲ. ಸಂಘದ ಸಾಲದಿಂದ ಹಸು ಕಟ್ಟಿದವರು ಯೋಚಿಸಬೇಕು: ಬದಿಯ ಹುಲ್ಲು ಹೋದರೆ ಹಿಂಡಿಗೆ ಇನ್ನಷ್ಟು ದುಡ್ಡು ಹಾಕಬೇಕಲ್ವಾ?

2. ತಂಬುಳಿಗೆ ಒಂದೆಲಗ, ಎಣ್ಣೆಗೆ ಗರುಗದ ಸೊಪ್ಪು, ಮದ್ದಿಗೆ ನೆಲನೆಲ್ಲಿ ಇವೆಲ್ಲ ಬೆಳೆಯುವುದು ಇದೇ ತೇವದ ಜಾಗದಲ್ಲಿ. ಇದು ಬಂದ ಮೇಲೆ ಅವು ಮಾಯ.

3. ಚರಂಡಿಯಲ್ಲಿ ಹಬ್ಬಿ ನೀರು ನಿಲ್ಲಿಸುತ್ತದೆ. ಹಾಸಿನ ಅಡಿಯಲ್ಲಿ ಹಾವು ಇದ್ದರೂ ಕಾಣುವುದಿಲ್ಲ.

"ದರೆ ಜರಿಯದಂತೆ ಹಿಡಿಯುತ್ತದಲ್ಲ ಸಿಸ್ಟರ್" ಎಂದು ಕೆಲವರು ಕೇಳುತ್ತಾರೆ. ಮೇಲ್ಮಣ್ಣು ಕೊಚ್ಚಿ ಹೋಗದಂತೆ ಸ್ವಲ್ಪ ತಡೆಯುವುದು ನಿಜ. ಆದರೆ ಇದರ ಬೇರು ಆಳಕ್ಕೆ ಇಳಿಯುವುದಿಲ್ಲ. ಆ ಕೆಲಸಕ್ಕೆ ಲಾವಂಚವೇ ಒಳ್ಳೆಯದು. ಅದರ ಬೇರು ಆಳಕ್ಕೆ ಹೋಗುತ್ತದೆ, ಬೇರಿಗೆ ಬೆಲೆಯೂ ಇದೆ.

ತೆಗೆಯುವುದು ಹೇಗೆ?

• ಮಳೆ ಬಂದು ಮಣ್ಣು ಮೆತ್ತಗಾದಾಗ ಬೇರು ಸಮೇತ ಕೀಳಿ. ಮೊದಲು ಕೋಲಿನಿಂದ ಬಡಿದು ನೋಡಿ, ಆಮೇಲೆ ಕೈ ಹಾಕಿ.
• ಒಂದೊಂದು ತುಂಡನ್ನೂ ಹೆಕ್ಕಿ ಗೋಣಿಯಲ್ಲಿ ತುಂಬಿಸಿ. ಬಂಡೆ ಅಥವಾ ಸಿಮೆಂಟ್ ನೆಲದ ಮೇಲೆ ಹರಡಿ, ಪೂರ್ತಿ ಒಣಗಿಸಿ. ಹಸಿಯಾಗಿ ಗೊಬ್ಬರದ ಗುಂಡಿಗೆ ಹಾಕಬೇಡಿ.
• ತಿಂಗಳಿಗೊಮ್ಮೆ ಹೋಗಿ ನೋಡಿ, ಹೊಸ ಚಿಗುರು ಕೀಳಿ. ಒಂದೇ ಸಲಕ್ಕೆ ಮುಗಿಯುವ ಕೆಲಸ ಇದಲ್ಲ.
• ಖಾಲಿಯಾದ ಜಾಗವನ್ನು ಹಾಗೇ ಬಿಡದೆ ಒಂದೆಲಗ, ದೊಡ್ಡಪತ್ರೆ, ಗೆಣಸು, ಮಜ್ಜಿಗೆಹುಲ್ಲು ನೆಡಿ.

ಒಂದು ಎಚ್ಚರಿಕೆ: ಮದ್ದಿಗೆ ಬಳಸುವ ಹಳದಿ ಹೂವಿನ ಭೃಂಗರಾಜ ಇದರ ಹತ್ತಿರದ ಬಂಧು. ಅದರ ಎಲೆ ಉದ್ದಕ್ಕಿರುತ್ತದೆ. ವೆಡೇಲಿಯಾ ಎಲೆ ಸಾಮಾನ್ಯವಾಗಿ ಮೂರು ಭಾಗವಾಗಿ ಸೀಳಿದಂತೆ ಕಾಣುತ್ತದೆ. ಗುರುತು ಹಿಡಿದೇ ಕೀಳಿ.

ಒಬ್ಬಳೇ ತನ್ನ ಅಂಗಳದಲ್ಲಿ ಕಿತ್ತರೆ ಸಾಲದು. ಮೇಲಿನ ಮನೆಯಿಂದ ಮತ್ತೆ ಇಳಿದು ಬರುತ್ತದೆ. ಹತ್ತು ಹದಿನೈದು ಮನೆಯವರು ಒಟ್ಟಾಗುವ ಶಕ್ತಿ ಇರುವುದು ನಮ್ಮ ಸಂಘಗಳಿಗೆ. ಸಸಿ ಮಾರುವ ಸಂಘದವರು ಈ ಬಳ್ಳಿಯನ್ನು ಮಾರುವುದು ಬೇಡ, ಯಾರಾದರೂ ಕೇಳಿದರೆ ಕಾರಣ ತಿಳಿಸಿ.

ಸಂಘದ ಸಭೆಯಲ್ಲಿ ಚರ್ಚಿಸಲು

1. ನಮ್ಮಲ್ಲಿ ಎಷ್ಟು ಮನೆಗಳಲ್ಲಿ ಈ ಬಳ್ಳಿ ಇದೆ? ಚರಂಡಿ, ತೋಡಿನ ಬದಿಗೆ ಇಳಿದಿದೆಯಾ?
2. ಮೊದಲು ಹುಲ್ಲು ಕೊಯ್ಯುತ್ತಿದ್ದ ಯಾವ ಜಾಗ ಈಗ ಹೋಗಿದೆ?
3. ಶ್ರಮದಾನಕ್ಕೆ ಯಾವ ದಿನ ಇಟ್ಟುಕೊಳ್ಳೋಣ? ಎತ್ತರದಲ್ಲಿರುವ ಯಾರ ಮನೆಯಿಂದ ಶುರು ಮಾಡೋಣ?