ಹಳೇ ಕಾರಿಗೆ ಯಾವ ಕಾಯಿಲ್?

12 ವೋಲ್ಟ್ ಬ್ಯಾಟರಿಯಿಂದ ಸಾವಿರಾರು ವೋಲ್ಟಿನ ಕಿಡಿ ಹುಟ್ಟಿಸೋ ಇಗ್ನಿಷನ್ ಕಾಯಿಲ್ ಬಗ್ಗೆ ಇವತ್ತು ಮಾತಾಡೋಣ. ಉದಾಹರಣೆಗೆ, ಇಂಗ್ಲೆಂಡಿನ ಅಬಿಂಗ್ಡನ್‌ನಲ್ಲಿ 1962ರಿಂದ 1980ರವರೆಗೆ ತಯಾರಾದ ಎಂಜಿಬಿ ಕಾರನ್ನೇ ತಗೊಳ್ಳೋಣ.

ಅಂಗಡಿಯಲ್ಲಿ ಎರಡು ಬಗೆಯ ಕಾಯಿಲ್ ಸಿಗುತ್ತವೆ, ನೋಡೋಕೆ ಒಂದೇ ಥರ. ಒಂದರ ಪ್ರೈಮರಿ ಸುರುಳಿಯ ರೋಧ ಸುಮಾರು 3 ಓಮ್, ಇನ್ನೊಂದರದ್ದು ಸುಮಾರು 1.5. ಮೊದಲಿನದು ಕ್ರೋಮ್ ಬಂಪರಿನ ಹಳೆಯ ಎಂಜಿಬಿಗಳಿಗೆ. ಎರಡನೆಯದು ರಬ್ಬರ್ ಬಂಪರಿನ ಕಾರುಗಳಿಗೆ. ಅವುಗಳ ವೈರಿಂಗ್ ಒಳಗೇ ಬ್ಯಾಲಸ್ಟ್ ಅನ್ನೋ ರೋಧಕ ತಂತಿ ಅಡಗಿರುತ್ತೆ. ಸ್ಟಾರ್ಟರ್ ತಿರುಗುವಾಗ ಬ್ಯಾಟರಿ ವೋಲ್ಟೇಜ್ ಕುಸಿಯುತ್ತೆ ಅಲ್ವಾ? ಆಗ ಮಾತ್ರ ಆ ತಂತಿಯನ್ನು ಬಿಟ್ಟು ಕಾಯಿಲ್‌ಗೆ ನೇರವಾಗಿ ಕರೆಂಟ್ ಹೋಗುತ್ತೆ. ಇದರ ಬೆಲೆ ಗೊತ್ತಾಗೋದು ಜನವರಿಯ ಬೆಳಗ್ಗೆ!

ಬ್ಯಾಲಸ್ಟ್ ಇಲ್ಲದ ಕಾರಿಗೆ 1.5 ಓಮ್ ಕಾಯಿಲ್ ಹಾಕಿದರೆ? ಓಮ್‌ನ ನಿಯಮ ಹಚ್ಚಿ: 4 ಆಂಪಿಯರ್ ಹರಿಯಬೇಕಾದ ಕಡೆ 8 ಹರಿಯುತ್ತೆ. ಕಾಯಿಲ್ ಕಾಯುತ್ತೆ, ಡಿಸ್ಟ್ರಿಬ್ಯೂಟರ್ ಪಾಯಿಂಟ್‌ಗಳು ಸುಟ್ಟುಹೋಗುತ್ತವೆ. ಉಲ್ಟಾ ಆದರೆ ಕಿಡಿ ಬಡವಾಗುತ್ತೆ, ಅಷ್ಟೇ.

ಇನ್ನು ವೈರಿಂಗ್. ನೆಗೆಟಿವ್ ಅರ್ಥ್ ಕಾರಿನಲ್ಲಿ ಇಗ್ನಿಷನ್ ಸ್ವಿಚ್ಚಿನ ಬಿಳಿ ವೈರ್ ಪ್ಲಸ್‌ಗೆ, ಡಿಸ್ಟ್ರಿಬ್ಯೂಟರಿನದು ಮೈನಸ್‌ಗೆ. 1967ರವರೆಗಿನ ಎಂಜಿಬಿಗಳು ಪಾಸಿಟಿವ್ ಅರ್ಥ್; ಅಲ್ಲಿ ಅದಲುಬದಲು. ತಪ್ಪು ಜೋಡಿಸಿದರೂ ಎಂಜಿನ್ ಓಡುತ್ತೆ, ಅದೇ ಮೋಸ. ಪ್ಲಗ್ಗಿನ ನಡುವಿನ ಎಲೆಕ್ಟ್ರೋಡ್ ಬಿಸಿಯಾಗಿರೋದರಿಂದ ಎಲೆಕ್ಟ್ರಾನ್‌ಗಳು ಅಲ್ಲಿಂದ ಸುಲಭವಾಗಿ ಹೊರಡುತ್ತವೆ. ದಿಕ್ಕು ತಿರುಗಿದರೆ ಕಿಡಿಗೆ ಹೆಚ್ಚು ವೋಲ್ಟೇಜ್ ಬೇಕು.

ಹಳೇ ಕಾರುಗಳ ವೈರಿಂಗನ್ನು ಯಾರ್ಯಾರೋ ಬದಲಿಸಿರುತ್ತಾರೆ. ಹಾಗಾಗಿ ಕೊಳ್ಳುವ ಮೊದಲು ಮಲ್ಟಿಮೀಟರ್ ಹಿಡೀರಿ ಅಂತೀವಿ ನಾವು. ಪಾಯಿಂಟ್ ಮುಚ್ಚಿ, ಇಗ್ನಿಷನ್ ಆನ್ ಮಾಡಿ, ಸ್ವಿಚ್ಚಿನ ವೈರ್ ಬರೋ ಟರ್ಮಿನಲ್‌ನಲ್ಲಿ ಅಳೆಯಿರಿ. 12ರ ಆಸುಪಾಸು ಇದ್ದರೆ ಬ್ಯಾಲಸ್ಟ್ ಇಲ್ಲ, 6ರ ಆಸುಪಾಸು ಇದ್ದರೆ ಇದೆ. ಅಳೆದ ಕೂಡಲೇ ಆಫ್ ಮಾಡಿ, ಕಾಯಿಲ್ ಸುಮ್ಮನೆ ಕಾಯೋದು ಬೇಡ.