ಅರಳಿಕಟ್ಟೆಯಂಥ ಖೊಟ್ಲಾ

ನಾನು ಸಂಡೂರಿನವಳು. ಅದಿರಿನ ಲಾರಿಗಳು ಎಬ್ಬಿಸಿದ ಕೆಂಪು ಧೂಳು ನಮ್ಮ ಒಣಹಾಕಿದ ಸೀರೆಯ ಮೇಲೂ ಬೇವಿನ ಎಲೆಯ ಮೇಲೂ ಕೂರುತ್ತಿತ್ತು. ಬೆಟ್ಟದ ದುಡ್ಡು ಎಲ್ಲಿಗೆ ಹೋಯಿತೆಂದು ಅಪ್ಪನಿಗೆ ಕಡೆಯವರೆಗೂ ಗೊತ್ತಾಗಲಿಲ್ಲ.

1990ರಲ್ಲಿ ಗಣಿತ ಕಲಿಸಲು ಬೋಟ್ಸ್ವಾನಾದ ಸೆರೋವೆಗೆ ಹೋದೆ. ವಜ್ರದ ನಾಡಲ್ಲೂ ಇದೇ ಪಾಡು ಅಂದುಕೊಂಡಿದ್ದೆ. ಆದರೆ ಅಲ್ಲಿ ಡಾಂಬರು ರಸ್ತೆಯಿತ್ತು, ನನ್ನ ತರಗತಿಯ ಮಕ್ಕಳಿಗೆ ಫೀಸಿರಲಿಲ್ಲ. 1966ರಲ್ಲಿ ಸ್ವಾತಂತ್ರ್ಯ ಬಂದಾಗ ಇಡೀ ದೇಶದಲ್ಲಿದ್ದ ಡಾಂಬರು ರಸ್ತೆ ಸುಮಾರು 12 ಕಿಲೋಮೀಟರ್.

ಮರುವರ್ಷ ಒರಾಪಾದಲ್ಲಿ ವಜ್ರ ಸಿಕ್ಕಿತು. ಆ ನೆಲ ಬಾಮಂಗ್ವಾಟೊ ಬುಡಕಟ್ಟಿನದು. ಅಧ್ಯಕ್ಷ ಸೆರೆಟ್ಸೆ ಖಾಮಾ ಅದೇ ಬುಡಕಟ್ಟಿನ ಅರಸು ಮನೆತನದವರು. ಆದರೂ ನೆಲದಡಿಯ ಖನಿಜ ಬುಡಕಟ್ಟಿನದಲ್ಲ, ದೇಶದ್ದು ಎಂಬ ಕಾನೂನು ಅದೇ 1967ರಲ್ಲಿ ಬಂತು. ಉಳಿದದ್ದೆಲ್ಲ ಇದರ ಮೇಲೆ ನಿಂತಿದೆ ಎಂದೇ ನನ್ನ ನಂಬಿಕೆ. ಗಣಿ ಕಂಪನಿಯಲ್ಲಿ ಶೇ. 15 ಇದ್ದ ಸರ್ಕಾರದ ಪಾಲು 1975ರಲ್ಲಿ ಶೇ. 50ಕ್ಕೇರಿತು. 1994ರಲ್ಲಿ ಮುಂದಿನ ಪೀಳಿಗೆಗೆಂದು 'ಪುಲಾ' ನಿಧಿ ಕಟ್ಟಿದರು. ಪುಲಾ ಅಂದರೆ ಮಳೆ. ಅವರ ನಾಣ್ಯದ ಹೆಸರೂ ಅದೇ.

ಸಿಯೆರಾ ಲಿಯೋನ್‌ನಲ್ಲೂ ವಜ್ರವಿತ್ತು. ಅಲ್ಲಿನ ಕಲ್ಲು ಹೊಳೆಯ ಮರಳಲ್ಲಿ ಚೆಲ್ಲಿಕೊಂಡಿದೆ, ಜರಡಿ ಹಿಡಿದವರೆಲ್ಲ ಹೆಕ್ಕಬಹುದು. ಒರಾಪಾದ ಬಂಡೆಗೆ ಬೇಲಿ ಹಾಕಬಹುದು. ಈ ವ್ಯತ್ಯಾಸ ಸಣ್ಣದಲ್ಲ. ಆದರೆ ಅಲ್ಲಿನ ಅಧ್ಯಕ್ಷ ಸಿಯಾಕಾ ಸ್ಟೀವನ್ಸ್ ವಜ್ರದ ವ್ಯಾಪಾರವನ್ನು ತಮ್ಮವರ ಕೈಗಿತ್ತರು, 1978ರಲ್ಲಿ ವಿರೋಧ ಪಕ್ಷಗಳನ್ನೇ ಇಲ್ಲವಾಗಿಸಿದರು. 1970ರಲ್ಲಿ 20 ಲಕ್ಷ ಕ್ಯಾರೆಟ್ ಇದ್ದ ಅಧಿಕೃತ ರಫ್ತು 1988ಕ್ಕೆ 48 ಸಾವಿರಕ್ಕಿಳಿಯಿತು, ಉಳಿದದ್ದು ಕಳ್ಳದಾರಿ ಹಿಡಿಯಿತು. 1991ರಿಂದ ಹನ್ನೊಂದು ವರ್ಷ ಅಂತರ್ಯುದ್ಧ.

ಬೋಟ್ಸ್ವಾನಾದಲ್ಲಿ ಆಳುವವರನ್ನು ಪ್ರಶ್ನಿಸುವ ಜಾಗವೂ ಇತ್ತು. ಸೆರೋವೆಯಲ್ಲಿ ಮರದ ಕಂಬಗಳನ್ನು ಅರ್ಧಚಂದ್ರದಂತೆ ನೆಟ್ಟ ಬಯಲಿದೆ. ಅದೇ ಖೊಟ್ಲಾ, ನಮ್ಮ ಅರಳಿಕಟ್ಟೆಯ ಹಾಗೆ. ಹಿಂದೆ ಹೆಂಗಸರಿಗೆ ಅಲ್ಲಿ ಮಾತಾಡಲು ಬಿಡುತ್ತಿರಲಿಲ್ಲ, ಅದನ್ನು ಮರೆಮಾಚಲಾರೆ. ನಾನು ಹೋದ ದಿನ ಮುದುಕನೊಬ್ಬ ಎದ್ದು ನಿಂತು, ಬೋರ್‌ವೆಲ್ ಯಾಕೆ ಕೆಟ್ಟು ಬಿದ್ದಿದೆಯೆಂದು ಅಧಿಕಾರಿಯನ್ನು ಕೇಳಿದ. ಅಧಿಕಾರಿ ಉತ್ತರ ಕೊಡುವವರೆಗೂ ಅವನು ಕೂರಲಿಲ್ಲ. ನನಗೆ ಅಪ್ಪ ನೆನಪಾದ.

ಕಷ್ಟ ಅಲ್ಲೂ ಇದೆ: ಕೆಲಸವಿಲ್ಲದ ಯುವಕರು, ಸಮನಾಗಿ ಹಂಚಿಕೆಯಾಗದ ಸಂಪತ್ತು, ಒಂದೇ ಸರಕನ್ನು ನಂಬಿದ ಬೊಕ್ಕಸ. ಪ್ರಯೋಗಾಲಯದ ವಜ್ರ ಬಂದ ಮೇಲೆ ಗಣಿಯ ವಜ್ರದ ಬೆಲೆ ಕುಸಿದಿದೆ. 2024ರಲ್ಲಿ ಜನ 58 ವರ್ಷ ಆಳಿದ ಪಕ್ಷವನ್ನು ಮನೆಗೆ ಕಳಿಸಿದರು. ಎಣಿಕೆ ಪೂರ್ತಿ ಮುಗಿಯುವ ಮೊದಲೇ ಅಧ್ಯಕ್ಷ ಮಸೀಸಿ ಸೋಲೊಪ್ಪಿಕೊಂಡರು.