ಚಕ್ರ ಉರುಳುವ ಮೊದಲು ಲೋಡಿನಿಂದ ಇಳಿಯಿರಿ



ಸುಗ್ಗಿ ಮುಗಿದ ಮೇಲೆ ವರ್ಷದ ಮೇವು ಮನೆಗೆ ಬರುತ್ತದೆ. ಭತ್ತದ ಹುಲ್ಲು, ರಾಗಿ ಹುಲ್ಲನ್ನು ಟ್ರೇಲರ್‌ಗೆ ತುಂಬುವಾಗ ಮೇಲೆ ನಿಂತು ಕಟ್ಟು ಹಿಡಿದು, ಜೋಡಿಸಿ, ತುಳಿಯುವ ಕೆಲಸ ಅನೇಕ ಮನೆಗಳಲ್ಲಿ ಹೆಣ್ಣುಮಕ್ಕಳದೇ. ಬಾಡಿಗೆ ಟ್ರಿಪ್ ಲೆಕ್ಕದಲ್ಲಿ ಇರುವುದರಿಂದ ಒಂದೇ ಸಲಕ್ಕೆ ಎಲ್ಲವನ್ನೂ ಏರಿಸುವ ಆಸೆ ಸಹಜ. ಹಾಗೆ ಏರಿಸುತ್ತ ಹೋದಂತೆ ನೀವು ನಿಂತ ಜಾಗ 10 ಅಡಿ ಮುಟ್ಟುತ್ತದೆ. ಅಷ್ಟು ಎತ್ತರದಿಂದ ಬಿದ್ದರೆ ನೆಲ ಮುಟ್ಟಲು ಒಂದು ಸೆಕೆಂಡೂ ಬೇಡ. ನೆಲಕ್ಕೆ ಬಡಿಯುವ ವೇಗ ಗಂಟೆಗೆ ಸುಮಾರು 28 ಕಿ.ಮೀ. ಬೆನ್ನುಮೂಳೆ, ಸೊಂಟ, ತಲೆಗೆ ಪೆಟ್ಟಾಗಲು ಅಷ್ಟು ಸಾಕು.

ಯಾವಾಗ ಬೀಳುತ್ತಾರೆ?

1. ಅಂಚಿನಲ್ಲಿ: ಸಡಿಲ ಹುಲ್ಲಿನ ಅಂಚಿನ ಕೆಳಗೆ ಗಟ್ಟಿ ಆಸರೆ ಇರುವುದಿಲ್ಲ. ಕಟ್ಟು ಹಿಡಿಯಲು ಒಂದು ಹೆಜ್ಜೆ ಹಿಂದೆ ಇಟ್ಟರೆ ಹುಲ್ಲು ಸಮೇತ ಜಾರುತ್ತೀರಿ. ಒಣಹುಲ್ಲು ನುಣುಪು; ಇಬ್ಬನಿ ಬಿದ್ದಾಗ ಇನ್ನೂ ಜಾರುತ್ತದೆ.

2. ಹಗ್ಗ ಬಿಗಿಯುವಾಗ: ಮೇಲೆ ನಿಂತು ಮೈಭಾರ ಹಾಕಿ ಹಿಂದಕ್ಕೆ ಎಳೆಯುತ್ತಿರುವಾಗ ಹಳೆಯ ಹಗ್ಗ ತುಂಡಾದರೆ ಹಿಡಿದುಕೊಳ್ಳಲು ಏನೂ ಇರುವುದಿಲ್ಲ.

3. ಗಾಡಿ ಕದಲಿದಾಗ: "ಸ್ವಲ್ಪ ಮುಂದೆ ತಗೋ" ಎಂದಾಗ ಕ್ಲಚ್ ಬಿಟ್ಟ ಒಂದೇ ಜಗ್ಗಿಗೆ ನಿಂತವರು ಆಯ ತಪ್ಪುತ್ತಾರೆ. ಲೋಡಿನ ಮೇಲೆ ಕುಳಿತು ಊರಿಗೆ ಬರುವಾಗ ಗುಂಡಿ, ತಿರುವು, ಮರದ ಕೊಂಬೆ, ವಿದ್ಯುತ್ ತಂತಿ ಎಲ್ಲವೂ ಅಪಾಯವೇ.

4. ಇಳಿಯುವಾಗ: ದಣಿದ ಮೈಯಲ್ಲಿ ಹಗ್ಗ ಹಿಡಿದು ಜಾರುವುದು, ಮೇಲಿನಿಂದ ಧುಮುಕುವುದು.

ತಡೆಯುವುದು ಹೇಗೆ?

• ಲೋಡಿನ ಎತ್ತರವನ್ನು ಏಣಿ ನಿರ್ಧರಿಸಲಿ. ಏಣಿಯ ತುದಿ ಲೋಡಿಗಿಂತ 3 ಅಡಿ ಮೇಲಿರಬೇಕು. ನಿಮ್ಮ ಏಣಿ ಮೋಟಾದರೆ ಲೋಡನ್ನೂ ತಗ್ಗಿಸಿ. ಹತ್ತಿ ಇಳಿಯುವಾಗ ಒಬ್ಬರು ಬುಡ ಹಿಡಿದಿರಲಿ.

• ಗಾಡಿಯನ್ನು ಸಮತಟ್ಟು ಜಾಗದಲ್ಲಿ, ತಂತಿಯಿಂದ ದೂರ ನಿಲ್ಲಿಸಿ. ಎಂಜಿನ್ ಆರಿಸಿ, ಕೀ ತೆಗೆದು, ಚಕ್ರಕ್ಕೆ ಕಲ್ಲು ಕೊಡಿ.

• ಮೇಲಿರುವವರು ನಡುವೆ ನಿಂತು, ಅಂಚಿಗೆ ಮುಖ ಮಾಡಿ ಕಟ್ಟನ್ನು ಒಳಕ್ಕೆ ಎಳೆದುಕೊಳ್ಳಲಿ. ಹಿಮ್ಮುಖ ಹೆಜ್ಜೆ ಬೇಡ. ಕೆಳಗಿನವರು ಕೂಗಿ ಹೇಳಿ, ಒಂದೊಂದೇ ಕಟ್ಟು ಎಸೆಯಲಿ.

• ಸೆರಗು ಸೊಂಟಕ್ಕೆ ಸಿಕ್ಕಿಸಿ. ಹವಾಯಿ ಚಪ್ಪಲಿ ಹಾಕಿ ಹತ್ತಬೇಡಿ. ಕತ್ತಲಾದ ಮೇಲೆ ತುಂಬಬೇಡಿ.

• ಮೇಲಿನವರು ಇಳಿದ ನಂತರವೇ ಹಗ್ಗವನ್ನು ಲೋಡಿನ ಮೇಲಿಂದ ಎಸೆದು, ನೆಲದಲ್ಲಿ ನಿಂತು ಬಿಗಿಯಿರಿ.

• ಲೋಡಿನ ಮೇಲೆ ಕುಳಿತು ಪ್ರಯಾಣ ಬೇಡ, ಮಕ್ಕಳಂತೂ ಬೇಡವೇ ಬೇಡ. ಟ್ರೇಲರ್ ಇರುವುದು ಸರಕಿಗೆ. ಜನ ಕೂತು ಅಪಘಾತವಾದರೆ ವಿಮೆ ಪರಿಹಾರಕ್ಕೂ ತೊಡಕಾಗುತ್ತದೆ.

ಯಾರಾದರೂ ಬಿದ್ದರೆ

ಗಾಬರಿಯಲ್ಲಿ ಎತ್ತಿ ಕೂರಿಸಬೇಡಿ, ನೀರು ಕುಡಿಸಬೇಡಿ. ಕುತ್ತಿಗೆ, ಬೆನ್ನು ನೋವು ಎಂದರೆ, ಕೈಕಾಲು ಜೋಮು ಎಂದರೆ ಬೆನ್ನುಮೂಳೆಗೆ ಪೆಟ್ಟಾಗಿರಬಹುದು. ಆಗ ಕುತ್ತಿಗೆ ಹೊರಳಿಸಿದರೆ, ನಡು ಬಾಗಿಸಿದರೆ ಶಾಶ್ವತವಾಗಿ ಕಾಲಿನ ಸ್ವಾಧೀನ ತಪ್ಪಬಹುದು. ತಲೆ ಅಲುಗದಂತೆ ಹಿಡಿದು, ಮಲಗಿದಂತೆಯೇ ಇರಿಸಿ 108ಕ್ಕೆ ಕರೆ ಮಾಡಿ. ರಕ್ತ ಸುರಿಯುತ್ತಿದ್ದರೆ ಶುಭ್ರ ಬಟ್ಟೆಯಿಂದ ಒತ್ತಿ ಹಿಡಿಯಿರಿ.

ಹಸು ಜಾರಿ ಬೀಳದಿರಲಿ ಎಂದು ಕೊಟ್ಟಿಗೆಗೆ ರಬ್ಬರ್ ಮ್ಯಾಟ್ ಹಾಸುತ್ತೇವೆ. ಅದೇ ಕಾಳಜಿ ಹಸು ಸಾಕುವವರ ಮೇಲೂ ಇರಲಿ. ಇನ್ನೊಂದು ಟ್ರಿಪ್ಪಿನ ಬಾಡಿಗೆ ಒಂದು ದಿನದ ಖರ್ಚು. ನೀವು ತಿಂಗಳುಗಟ್ಟಲೆ ಹಾಸಿಗೆ ಹಿಡಿದರೆ ಎರಡು ಹೊತ್ತಿನ ಹಾಲು ಕರೆಯುವವರಾರು, ಡೇರಿಗೆ ಹಾಕುವವರಾರು? ಈ ಸಲ ಹುಲ್ಲು ತುಂಬುವ ಮೊದಲೇ ಚಾಲಕನಿಗೆ ಒಂದು ಮಾತು ಹೇಳಿಬಿಡಿ: ಮೇಲಿನವರು ಇಳಿದು ನಿಮ್ಮ ಕಣ್ಣೆದುರು ನಿಲ್ಲುವವರೆಗೆ ಗಾಡಿ ಕದಲುವಂತಿಲ್ಲ.

— ಪಶುವೈದ್ಯಾಧಿಕಾರಿ